ಗಾಲ್ಫ್‌ನ ಮೊದಲ ಸೆಟ್: ಅಳತೆ ಯಾವುದಕ್ಕೆ ಈಗ, ಯಾವುದಕ್ಕೆ ಆಮೇಲೆ?

ಪ್ರಶ್ನೆ: ನಾನು ಮೈಸೂರಿನವಳು. ವಯಸ್ಸು 41, ಎತ್ತರ 5 ಅಡಿ 8 ಅಂಗುಲ. ಕಾಲೇಜಿನಲ್ಲಿದ್ದಾಗ ಹಾಕಿ ಆಡುತ್ತಿದ್ದೆ. ಕೆಲವು ತಿಂಗಳಿಂದ ತರಬೇತುದಾರರೊಬ್ಬರ ಬಳಿ ಗಾಲ್ಫ್ ಕಲಿಯುತ್ತಿದ್ದೇನೆ, ಬಲಗೈ ಆಟ. ಚೆನ್ನಾಗಿ ತಗುಲಿದಾಗ 7 ಐರನ್‌ನಲ್ಲಿ (ಲೋಹದ ತಲೆಯ ಕೋಲು; ಅಂಕಿ ಕಡಿಮೆಯಾದಷ್ಟೂ ದೂರದ ಹೊಡೆತಕ್ಕೆ) ಚೆಂಡು ಸುಮಾರು 105 ಗಜ ಹೋಗುತ್ತದೆ. ಈಗ ಸ್ವಂತ ಸೆಟ್, ಅಂದರೆ ಆಡುವ ಕೋಲುಗಳಾದ ಕ್ಲಬ್‌ಗಳು, ಬೇಕೆನಿಸಿದೆ. ನನ್ನ ಸೋದರಮಾವ 1990ರ ದಶಕದಲ್ಲಿ ಕೊಂಡಿದ್ದ ಪೂರ್ತಿ ಸೆಟ್ಟನ್ನು ಹಾಗೆಯೇ ಕೊಡುತ್ತೇನೆ ಎನ್ನುತ್ತಾರೆ. ಅದರಲ್ಲಿ ಸ್ಟೀಲ್ ಶಾಫ್ಟ್ (ಕ್ಲಬ್ಬಿನ ದಂಡ), ತೆಳ್ಳಗಿನ ಬ್ಲೇಡ್ (ಹಿಂಬದಿ ಟೊಳ್ಳಿಲ್ಲದ ತಲೆಯ) ಐರನ್‌ಗಳಿವೆ. ಅಂಗಡಿಯವರು ‘ಲೇಡೀಸ್ ಸೆಟ್ ತೆಗೆದುಕೊಳ್ಳಿ, ಸಾಕು’ ಎಂದರು. ಜೊತೆಯಲ್ಲಿ ಆಡುವವರೊಬ್ಬರು ಫಿಟ್ಟಿಂಗ್ ಮಾಡಿಸದೆ ಏನನ್ನೂ ಕೊಳ್ಳಬೇಡಿ ಎನ್ನುತ್ತಾರೆ. ತರಬೇತುದಾರರು ಸ್ವಿಂಗ್ (ಕ್ಲಬ್ ಬೀಸುವ ರೀತಿ) ಕುದುರುವ ತನಕ ಫಿಟ್ಟಿಂಗ್‌ಗೆ ಹಾಕುವ ದುಡ್ಡು ದಂಡ ಎನ್ನುತ್ತಾರೆ. ಈ ನಡುವೆ ಮಾವನ ಕ್ಲಬ್‌ಗಳಲ್ಲಿ ಎರಡು ವಾರ ಅಭ್ಯಾಸ ಮಾಡಿದ ಮೇಲೆ ಎಡ ಮೊಣಕೈಯ ಹೊರಬದಿಯಲ್ಲಿ ನೋವು ಕಾಣಿಸಿಕೊಂಡಿದೆ. ಯಾರ ಮಾತು ಕೇಳಲಿ?

ಉತ್ತರ: ನಿಮಗೆ ಸಲಹೆ ಕೊಟ್ಟವರಲ್ಲಿ ಯಾರೂ ಪೂರ್ತಿ ತಪ್ಪು ಹೇಳಿಲ್ಲ. ಗೊಂದಲ ಹುಟ್ಟಿರುವುದು ಬೇರೆ ಕಾರಣಕ್ಕೆ. ಫಿಟ್ಟಿಂಗ್ ಎನ್ನುವಾಗ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಮೊದಲನೆಯದು ನಿಮ್ಮ ಮೈಗೆ ಒಗ್ಗುವ ಕ್ಲಬ್ ಆರಿಸುವುದು, ಅಂದರೆ ಉದ್ದ, ಹಿಡಿಯ ದಪ್ಪ, ತೂಕ. ಎರಡನೆಯದು ನಿಮ್ಮ ಸ್ವಿಂಗ್‌ಗೆ ಒಗ್ಗುವ ಕ್ಲಬ್ ಆರಿಸುವುದು, ಅಂದರೆ ಶಾಫ್ಟಿನ ಬಾಗುವ ಗುಣ, ಕ್ಲಬ್ಬಿನ ತಲೆಯ ಕೋನ, ಚೆಂಡು ಏಳುವ ಎತ್ತರ, ಅದು ಸುತ್ತುವ ವೇಗ. 41ನೇ ವಯಸ್ಸಿನಲ್ಲಿ ನಿಮ್ಮ ತೋಳಿನ ಉದ್ದವಾಗಲಿ ಅಂಗೈಯ ಅಳತೆಯಾಗಲಿ ಬದಲಾಗುವುದಿಲ್ಲ. ಆದ್ದರಿಂದ ಮೊದಲ ಕೆಲಸವನ್ನು ಮುಂದೂಡಲು ಯಾವ ಕಾರಣವೂ ಇಲ್ಲ, ಮುಂದೂಡಿದರೆ ನಷ್ಟವೇ ಹೆಚ್ಚು. ಸ್ವಿಂಗ್ ಮಾತ್ರ ಇನ್ನೂ ತಿಂಗಳಿಗೊಮ್ಮೆ ಬದಲಾಗುತ್ತಿರುತ್ತದೆ. ಹಾಗಾಗಿ ಎರಡನೆಯ ಕೆಲಸದ ವಿಷಯದಲ್ಲಿ ನಿಮ್ಮ ತರಬೇತುದಾರರ ಮಾತು ಸರಿ.

ಎಲ್ಲಕ್ಕಿಂತ ಮೊದಲು ಮೊಣಕೈಯ ವಿಷಯ. ಬಲಗೈ ಆಟಗಾರರಿಗೆ ಎಡ ಮೊಣಕೈಯ ಹೊರಬದಿಯ ನೋವು ಬರುವುದು ಬಹಳ ಸಾಮಾನ್ಯ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು ಮೊಣಕೈಯ ಹೊರಗಿನ ಮೂಳೆಗೆ ಅಂಟಿಕೊಳ್ಳುವ ಜಾಗ ಅದು. ಕ್ಲಬ್ಬನ್ನು ಬಿಗಿಯಾಗಿ ಹಿಡಿದಷ್ಟೂ ಅಲ್ಲಿ ಎಳೆತ ಹೆಚ್ಚುತ್ತದೆ. ಮೂವತ್ತು ವರ್ಷದ ಹಳೆಯ ಸೆಟ್ಟಿನ ಗ್ರಿಪ್ಪುಗಳು (ಹಿಡಿಯ ರಬ್ಬರ್ ಹೊದಿಕೆಗಳು) ಸಾಮಾನ್ಯವಾಗಿ ಗಾಜಿನಂತೆ ನುಣುಪಾಗಿ ಗಟ್ಟಿಯಾಗಿರುತ್ತವೆ. ಉಗುರಿನಿಂದ ಒತ್ತಿ ನೋಡಿ: ರಬ್ಬರ್ ಸ್ವಲ್ಪವೂ ತಗ್ಗದೆ, ಉಗುರು ಜಾರಿ ಹೋದರೆ ಅದರ ಆಯುಸ್ಸು ಮುಗಿದಿದೆ ಎಂದರ್ಥ. ಅಂಥ ಗ್ರಿಪ್ ಬೆವರಿದ ಕೈಯಲ್ಲಿ ಜಾರದಿರಲೆಂದು ನಮಗೆ ಅರಿವಿಲ್ಲದೆಯೇ ಮುಷ್ಟಿ ಬಿಗಿಯುತ್ತೇವೆ. ಇದರ ಜೊತೆಗೆ ಭಾರದ ಸ್ಟೀಲ್ ಶಾಫ್ಟ್, ಅದರ ಜೊತೆಗೆ ತೆಳ್ಳಗಿನ ಬ್ಲೇಡ್. ಬ್ಲೇಡಿನ ಮುಖದ ನಡುವಿಗೆ ತಗುಲದ ಹೊಡೆತದ ನಡುಕ ನೇರವಾಗಿ ಕೈಗೇರುತ್ತದೆ. ರೇಂಜಿನಲ್ಲಿ (ಅಭ್ಯಾಸದ ಜಾಗದಲ್ಲಿ) ಕಾಂಕ್ರೀಟಿನ ಮೇಲೆ ಹಾಸಿದ ತೆಳು ಮ್ಯಾಟಿನ ಮೇಲೆ ಆಡುತ್ತಿದ್ದರೆ ನೆಲದ ಪೆಟ್ಟೂ ಸೇರುತ್ತದೆ. ಹೀಗಾಗಿ ನೋವು ಪೂರ್ತಿ ಇಳಿಯುವ ತನಕ ಆ ಐರನ್‌ಗಳನ್ನು ಬದಿಗಿಡಿ. ಎರಡು ಮೂರು ವಾರದ ವಿಶ್ರಾಂತಿಯಲ್ಲೂ ಕಡಿಮೆಯಾಗದಿದ್ದರೆ ಮೂಳೆ ತಜ್ಞರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ. ಹಗುರ ಕ್ಲಬ್ ನೋವು ಮರುಕಳಿಸದಂತೆ ತಡೆಯಬಲ್ಲದು, ಇರುವ ನೋವನ್ನು ವಾಸಿ ಮಾಡಲಾರದು.

ಈಗ ‘ಲೇಡೀಸ್ ಸೆಟ್’ ಎಂಬ ಮಾತಿಗೆ ಬರೋಣ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಮಾರುವ ಸೆಟ್ಟಿನಲ್ಲಿ ಮೂರು ವಿಷಯಗಳನ್ನು ಒಟ್ಟಿಗೆ ಕಟ್ಟಿ ಕೊಟ್ಟಿರುತ್ತಾರೆ: ಶಾಫ್ಟ್ ಗಿಡ್ಡ, ಗ್ರಿಪ್ ತೆಳು, ಶಾಫ್ಟ್ ಹಗುರ ಮತ್ತು ಮೆತು. ಸುಮಾರು 5 ಅಡಿ 3 ಅಥವಾ 4 ಅಂಗುಲ ಎತ್ತರದ, ನಿಧಾನವಾಗಿ ಬೀಸುವ ಮಹಿಳೆಗೆ ಈ ಮೂರೂ ಚೆನ್ನಾಗಿ ಹೊಂದುತ್ತವೆ. ನಿಮ್ಮ ವಿಷಯದಲ್ಲಿ ಮೂರನೆಯದು ಬೇಕು, ಮೊದಲನೆಯದು ಖಂಡಿತ ಬೇಡ, ಎರಡನೆಯದನ್ನು ಕೈ ನೋಡಿ ನಿರ್ಧರಿಸಬೇಕು. ಗಂಡಸರ 7 ಐರನ್ ಸಾಮಾನ್ಯವಾಗಿ 37 ಅಂಗುಲದ ಆಸುಪಾಸಿನಲ್ಲಿದ್ದರೆ ಹೆಂಗಸರದು ಅದಕ್ಕಿಂತ ಒಂದು ಅಂಗುಲ ಗಿಡ್ಡ. ಒಂದು ಅಂಗುಲ ಎಂದರೆ ಸಣ್ಣದೆನಿಸಬಹುದು, ಆದರೆ ಚೆಂಡಿನ ಮುಂದೆ ನಿಂತಾಗ ಬೆನ್ನು ಅಷ್ಟು ಹೆಚ್ಚು ಬಗ್ಗಬೇಕಾಗುತ್ತದೆ, ಮತ್ತು ಹದಿನೆಂಟು ಹೋಲ್ (ಒಂದು ಪೂರ್ತಿ ಸುತ್ತು) ಮುಗಿಯುವ ಹೊತ್ತಿಗೆ ಸೊಂಟ ಅದರ ಲೆಕ್ಕ ಕೇಳುತ್ತದೆ. ಹಾಕಿ ಆಡಿ ಬಂದವರಲ್ಲಿ ಇನ್ನೊಂದು ತೊಡಕನ್ನು ನೋಡಿದ್ದೇನೆ. ಗಿಡ್ಡ ಕೋಲು ಹಿಡಿದು ತಗ್ಗಿ ನಿಲ್ಲುವುದು ಅವರ ಮೈಗೆ ರೂಢಿಯಾಗಿರುವುದರಿಂದ ಗಿಡ್ಡ ಕ್ಲಬ್ ಕೊಟ್ಟರೂ ಅವರಿಗೆ ಅದು ಗಿಡ್ಡವೆಂದು ಅನಿಸುವುದೇ ಇಲ್ಲ. ‘ನನಗೆ ಹಾಯಾಗಿದೆ’ ಎಂಬ ನಿಮ್ಮ ಅನಿಸಿಕೆಯನ್ನು ಈ ಒಂದು ವಿಷಯದಲ್ಲಿ ನಂಬದೆ, ಟೇಪಿನಿಂದ ಅಳೆದು ನೋಡಿ.

ಅಳೆಯುವುದು ಸುಲಭ. ಗಾಲ್ಫ್‌ಗೆ ಹಾಕುವ ಶೂ ಅಥವಾ ಮಟ್ಟಸ ಅಡಿಯ ಶೂ ತೊಟ್ಟು ಗೋಡೆಗೆ ಒರಗದೆ ನೆಟ್ಟಗೆ ನಿಲ್ಲಿ, ತೋಳುಗಳನ್ನು ಸಡಿಲ ಬಿಡಿ, ಮಣಿಕಟ್ಟು ಅಂಗೈ ಸೇರುವಲ್ಲಿರುವ ಗೆರೆಯಿಂದ ನೆಲಕ್ಕೆ ಎಷ್ಟು ಅಂಗುಲ ಎಂಬುದನ್ನು ಬೇರೊಬ್ಬರಿಂದ ಅಳೆಸಿ. ನೀವೇ ಬಗ್ಗಿ ಅಳೆದರೆ ಲೆಕ್ಕ ತಪ್ಪುತ್ತದೆ. ಒಂದೇ ಎತ್ತರದ ಇಬ್ಬರಲ್ಲಿ ಈ ಅಳತೆ ಎರಡು ಅಂಗುಲದಷ್ಟು ಬೇರೆಯಾಗಬಹುದು. ಅದಕ್ಕೇ ಎತ್ತರವನ್ನಷ್ಟೇ ಕೇಳಿ ಕ್ಲಬ್ ಕೊಡುವವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ನಿಮ್ಮ ಎತ್ತರಕ್ಕೆ ಅದು 34 ಅಂಗುಲದ ಹತ್ತಿರ ಬಂದರೆ ಗಂಡಸರ ಸಾಮಾನ್ಯ ಉದ್ದವೇ ನಿಮಗೆ ಹೊಂದುತ್ತದೆ. 33ಕ್ಕಿಂತ ಕಡಿಮೆ ಬಂದರೆ ನಿಮ್ಮ ತೋಳು ಉದ್ದವೆಂದು ಅರ್ಥ, ಆಗ ಅರ್ಧ ಅಂಗುಲ ಗಿಡ್ಡ ಮಾಡಿಸಬಹುದು. ಕ್ಲಬ್ಬಿನ ಉದ್ದ ಬದಲಾಯಿಸುವುದು ಕಷ್ಟದ ಕೆಲಸವಲ್ಲ, ಆದರೆ ಅದಕ್ಕೆ ಪರಿಣಾಮಗಳಿವೆ. ಅರ್ಧ ಅಂಗುಲ ಕತ್ತರಿಸಿದರೆ ಶಾಫ್ಟ್ ಸ್ವಲ್ಪ ಬಿರುಸಾಗುತ್ತದೆ, ಬೀಸುವಾಗ ತಲೆಯ ಭಾರ ಕಡಿಮೆ ಅನಿಸುತ್ತದೆ. ಹಿಡಿಯ ತುದಿಗೆ ತುಂಡು ಸೇರಿಸಿ ಉದ್ದ ಮಾಡಿದರೆ ಇದಕ್ಕೆ ತಿರುಗುಮುರುಗು. ಒಂದು ಅಂಗುಲಕ್ಕಿಂತ ಹೆಚ್ಚು ಉದ್ದ ಮಾಡಿಸಲು ನಾನು ಯಾರಿಗೂ ಹೇಳುವುದಿಲ್ಲ.

ಹಿಡಿಯ ದಪ್ಪಕ್ಕೆ ಒಂದು ಪರೀಕ್ಷೆ ಸಾಕು. ನಿಮ್ಮ ತರಬೇತುದಾರರು ಕಲಿಸಿದಂತೆ ಎಡಗೈಯೊಂದರಿಂದಲೇ ಕ್ಲಬ್ ಹಿಡಿಯಿರಿ. ನಡು ಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಹೆಬ್ಬೆರಳಿನ ಬುಡದ ಮಾಂಸಲ ಭಾಗವನ್ನು ಮುಟ್ಟೀಮುಟ್ಟದಂತೆ ತಾಗಿದರೆ ಅಳತೆ ಸರಿ. ಬೆರಳು ಅಂಗೈಗೆ ಚುಚ್ಚಿಕೊಂಡರೆ ಗ್ರಿಪ್ ತೆಳುವಾಯಿತು, ನಡುವೆ ಜಾಗ ಉಳಿದರೆ ದಪ್ಪವಾಯಿತು. ತೆಳು ಗ್ರಿಪ್ಪಿನ ಕೆಳಗೆ ಟೇಪಿನ ಒಂದೆರಡು ಪದರ ಹೆಚ್ಚು ಸುತ್ತಿ ದಪ್ಪ ಮಾಡುವುದು ಹತ್ತು ನಿಮಿಷದ ಕೆಲಸ. ಮೊಣಕೈ ನೋವಿರುವ ನಿಮಗೆ ಎರಡು ಅಳತೆಗಳ ನಡುವೆ ಅನುಮಾನ ಬಂದರೆ ತುಸು ದಪ್ಪದ್ದನ್ನೂ ಮೆತ್ತನೆಯದನ್ನೂ ಆರಿಸಿಕೊಳ್ಳಿ.

ಶಾಫ್ಟಿನ ವಿಷಯದಲ್ಲಿ ಎಲ್ಲರೂ ಅದರ ಮೇಲೆ ಬರೆದ ಅಕ್ಷರವನ್ನು ನೋಡುತ್ತಾರೆ: ಎಲ್ ಎಂದರೆ ಲೇಡೀಸ್, ಎ ಎಂದರೆ ಸೀನಿಯರ್, ಆರ್ ಎಂದರೆ ರೆಗ್ಯುಲರ್, ಎಸ್ ಎಂದರೆ ಸ್ಟಿಫ್. ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಮಾನದಂಡವಿಲ್ಲ. ಒಬ್ಬರ ಆರ್ ಇನ್ನೊಬ್ಬರ ಎ ಆಗಿರಬಹುದು. ಸ್ಥೂಲವಾಗಿ ಹೇಳುವುದಾದರೆ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಬೀಸುವ ವೇಗ ಗಂಟೆಗೆ 75 ಮೈಲಿಗಿಂತ ಕಡಿಮೆಯಿದ್ದರೆ ಎಲ್, 75ರಿಂದ 85ರವರೆಗೆ ಎ, 85ರಿಂದ 95ರವರೆಗೆ ಆರ್. ನಿಮ್ಮ 7 ಐರನ್ನಿನ 105 ಗಜ ಸುಮಾರಾಗಿ ಎಲ್ ಮತ್ತು ಎ ಗಡಿಯ ಲಕ್ಷಣ, ಹಾಕಿ ಆಡಿದ ಮೈ ಸ್ವಲ್ಪ ಪಳಗಿದರೆ ವೇಗ ಇನ್ನೂ ಏರುವ ಸಾಧ್ಯತೆ ಇದೆ. ಆದ್ದರಿಂದ ಎ ನಿಮಗೆ ಸುರಕ್ಷಿತ ಆಯ್ಕೆ. ಆದರೆ ಅಕ್ಷರಕ್ಕಿಂತ ಮುಖ್ಯವಾದದ್ದು ತೂಕ. ಮಾವನ ಸೆಟ್ಟಿನ ಕಾಲದ ಸ್ಟೀಲ್ ಶಾಫ್ಟ್‌ಗಳು ಸಾಮಾನ್ಯವಾಗಿ 120ರಿಂದ 130 ಗ್ರಾಂ ತೂಗುತ್ತವೆ. ನಿಮಗೆ ಹೊಂದುವ ಗ್ರಾಫೈಟ್ ಶಾಫ್ಟ್ 55ರಿಂದ 65 ಗ್ರಾಂ. ಒಂದು ಕ್ಲಬ್ಬಿನಲ್ಲಿ 60 ಗ್ರಾಂ ಉಳಿತಾಯ ಎಂದರೆ ಅರವತ್ತು ಎಪ್ಪತ್ತು ಚೆಂಡು ಹೊಡೆಯುವ ಒಂದು ಅಭ್ಯಾಸದಲ್ಲಿ ಮೊಣಕೈಗೆ ಸಿಗುವ ನಿರಾಳ ಸಣ್ಣದಲ್ಲ. ‘ಹಗುರ ಶಾಫ್ಟ್ ಹಿಡಿದರೆ ಕೈಗೆ ಬಲ ಬರುವುದಿಲ್ಲ, ಭಾರದ್ದರಲ್ಲೇ ಕಲಿಯಬೇಕು’ ಎಂಬ ಮಾತನ್ನು ಗಾಲ್ಫ್ ಮೈದಾನಗಳಲ್ಲಿ ಆಗಾಗ ಕೇಳುತ್ತೇವೆ. ಅನುಭವದಲ್ಲಿ ಆಗುವುದು ಇದರ ವಿರುದ್ಧ: ತಾಳಲಾರದ ಭಾರವನ್ನು ನಿಭಾಯಿಸಲು ಹೊಸಬರು ಕೈಯಿಂದ ಎಳೆದು ಹೊಡೆಯುವುದನ್ನು ರೂಢಿಸಿಕೊಳ್ಳುತ್ತಾರೆ, ಆಮೇಲೆ ಅದನ್ನು ಬಿಡಿಸುವುದೇ ತರಬೇತುದಾರರಿಗೆ ದೊಡ್ಡ ಕೆಲಸವಾಗುತ್ತದೆ.

ಮಾವನ ಸೆಟ್ಟನ್ನು ಹಾಗೆಂದು ತಿರಸ್ಕರಿಸಬೇಡಿ. ಅದರಲ್ಲಿ ನಿಮಗೆ ಬೇಡವಾದವುಗಳು ಸ್ಪಷ್ಟ: 3, 4, 5 ಐರನ್‌ಗಳು ಮತ್ತು ಡ್ರೈವರ್. ನಿಮ್ಮ ವೇಗಕ್ಕೆ ಬ್ಲೇಡಿನ 4 ಐರನ್ ಚೆಂಡನ್ನು ಮೇಲಕ್ಕೆ ಎತ್ತುವುದೇ ಇಲ್ಲ; 7ಕ್ಕೂ 4ಕ್ಕೂ ದೂರದಲ್ಲಿ ಹೆಚ್ಚು ವ್ಯತ್ಯಾಸ ಕಾಣದೆ ನೀವು ನಿಮ್ಮ ಸ್ವಿಂಗನ್ನೇ ಅನುಮಾನಿಸುತ್ತೀರಿ. ಅಂದಿನ ಡ್ರೈವರ್‌ಗಳ ತಲೆ ಇಂದಿನವುಗಳಿಗೆ ಹೋಲಿಸಿದರೆ ಚಿಕ್ಕದು. ಈಗ ನಿಯಮ ಒಪ್ಪುವ ಗರಿಷ್ಠ ಗಾತ್ರವಾದ 460 ಘನ ಸೆಂಟಿಮೀಟರ್‌ಗೆ ಹತ್ತಿರವಿರುವ ತಲೆ ನಡು ತಪ್ಪಿದ ಹೊಡೆತವನ್ನೂ ಬಹಳ ಮಟ್ಟಿಗೆ ಕಾಪಾಡುತ್ತದೆ. ಉಳಿಸಿಕೊಳ್ಳಬೇಕಾದದ್ದು ಸ್ಯಾಂಡ್ ವೆಜ್ (ಮರಳಿನಿಂದ ಚೆಂಡು ಎತ್ತುವ ಕ್ಲಬ್) ಮತ್ತು ಪಟರ್ (ಕುಳಿಯತ್ತ ಚೆಂಡು ಉರುಳಿಸುವ ಕ್ಲಬ್). ಸ್ಯಾಂಡ್ ವೆಜ್ಜಿನಲ್ಲಿ ಪೂರ್ತಿ ಬೀಸಿ ಹೊಡೆಯುವುದು ಕಡಿಮೆ, ಹಾಗಾಗಿ ಅದರ ಭಾರ ಕೈಗೆ ಅಷ್ಟಾಗಿ ತೊಂದರೆ ಕೊಡದು. ಹೊಸ ಗ್ರಿಪ್ ಹಾಕಿಸಿ, ಅಡಿಭಾಗದ ಉಬ್ಬನ್ನು (ಬೌನ್ಸ್ ಎಂದು ಡಿಗ್ರಿಯಲ್ಲಿ ಹೇಳುತ್ತಾರೆ) ನೋಡಿಕೊಳ್ಳಿ. ಮಳೆಗಾಲದಲ್ಲಿ ನೆಲ ಮೆತ್ತಗಾದಾಗ, ಮರಳು ಸಡಿಲವಾಗಿದ್ದಾಗ ಉಬ್ಬು ಹೆಚ್ಚಿರುವ ವೆಜ್ ನೆಲಕ್ಕೆ ಹೂತುಕೊಳ್ಳದೆ ಜಾರಿ ಹೋಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನೆಲ ಬಿರುಸಾದಾಗ ಅದೇ ಉಬ್ಬು ನೆಲಕ್ಕೆ ಬಡಿದು ಪುಟಿಯುತ್ತದೆ. ಎರಡೂ ಕಾಲಕ್ಕೆ 10 ಡಿಗ್ರಿ ಆಸುಪಾಸಿನ ಉಬ್ಬು ಸಾಕು.

ಇಲ್ಲೊಂದು ಎಚ್ಚರಿಕೆ ಬೇಕು. ಹಳೆಯ ಮತ್ತು ಹೊಸ ಕ್ಲಬ್‌ಗಳನ್ನು ಬೆರೆಸುವಾಗ ತಲೆಯ ಮೇಲಿನ ಅಂಕಿಯನ್ನು ನಂಬಬೇಡಿ. 1990ರ ದಶಕದ 7 ಐರನ್ನಿನ ಮುಖ ಸುಮಾರು 34–35 ಡಿಗ್ರಿ ಒರಗಿರುತ್ತಿತ್ತು. ಇಂದಿನ ಹೊಸಬರ ಸೆಟ್‌ಗಳಲ್ಲಿ ಅದು 28–30 ಡಿಗ್ರಿ. ಹೊಸ 7 ಐರನ್ ದೂರ ಹೋಗುತ್ತದೆ ಎಂದು ಅಂಗಡಿಯಲ್ಲಿ ತೋರಿಸುವಾಗ ಆ ದೂರದ ಒಂದು ಪಾಲು ಈ ಕೋನದ್ದೇ, ಮುಖದ ಮೇಲೆ 7 ಎಂದಿದ್ದರೂ ನೀವು ಹೊಡೆಯುತ್ತಿರುವುದು ಹಳೆಯ ಲೆಕ್ಕದ 5 ಅಥವಾ 6. ಇದೇ ಕಾರಣಕ್ಕೆ ಹೊಸ ಪಿಚಿಂಗ್ ವೆಜ್ (9 ಐರನ್‌ಗಿಂತ ಹತ್ತಿರದ ಹೊಡೆತದ ಕ್ಲಬ್) 43–44 ಡಿಗ್ರಿಗೆ ಇಳಿದಿದೆ. ಅದಕ್ಕೂ ಮಾವನ, ಬಹುಶಃ 56 ಡಿಗ್ರಿಯ, ಸ್ಯಾಂಡ್ ವೆಜ್ಜಿಗೂ ನಡುವೆ 12–13 ಡಿಗ್ರಿಯ ಕಂದಕ ಉಳಿಯುತ್ತದೆ, ಅದನ್ನು ತುಂಬಲು 50 ಡಿಗ್ರಿಯ ವೆಜ್ ಮುಂದೆಂದಾದರೂ ಬೇಕಾಗುತ್ತದೆ. ಇವತ್ತೇ ಬೇಡ.

ನಿಯಮದ ಪ್ರಕಾರ ಚೀಲದಲ್ಲಿ ಗರಿಷ್ಠ 14 ಕ್ಲಬ್ ಇರಬಹುದು. ಕನಿಷ್ಠ ಇಷ್ಟಿರಲೇಬೇಕು ಎಂಬ ನಿಯಮವಿಲ್ಲ. ನಿಮಗೆ ಈಗ ಏಳು ಸಾಕು: ಒಂದು 7 ವುಡ್ (ದಪ್ಪ ತಲೆಯ, ದೂರದ ಹೊಡೆತದ ಕ್ಲಬ್), ಒಂದು 5 ಅಥವಾ 6 ಹೈಬ್ರಿಡ್ (ವುಡ್ ಮತ್ತು ಐರನ್ ನಡುವಿನದು), 7 ಮತ್ತು 9 ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್. ಡ್ರೈವರ್ ಇಲ್ಲವಲ್ಲ ಎಂದು ನೊಂದುಕೊಳ್ಳಬೇಡಿ. 7 ವುಡ್ಡಿನ ಮುಖ 20–21 ಡಿಗ್ರಿ ಒರಗಿರುವುದರಿಂದ ಚೆಂಡು ಸಲೀಸಾಗಿ ಏಳುತ್ತದೆ, ಟೀ (ಚೆಂಡಿಡುವ ಚಿಕ್ಕ ಕಡ್ಡಿ) ಮೇಲಿಂದಲೂ ಫೇರ್‌ವೇಯಿಂದಲೂ (ಕತ್ತರಿಸಿದ ಹುಲ್ಲಿನ ಹಾದಿಯಿಂದಲೂ) ಹೊಡೆಯಬಹುದು. ಆಮೇಲೆ ಡ್ರೈವರ್ ಕೊಳ್ಳುವಾಗ 12 ಡಿಗ್ರಿಗಿಂತ ಕಡಿಮೆಯದ್ದನ್ನು ನೋಡಲೂಬೇಡಿ.

ಹಾಗಾದರೆ ಎಲ್ಲಿಂದ ಕೊಳ್ಳುವುದು? ಹೊಸ ಪೆಟ್ಟಿಗೆ ಸೆಟ್ ಕೊಂಡರೆ ಗ್ಯಾರಂಟಿ ಸಿಗುತ್ತದೆ, ತಲೆಬಿಸಿಯಿಲ್ಲ. ಆದರೆ ಉದ್ದ, ಗ್ರಿಪ್, ಶಾಫ್ಟ್ ಎಲ್ಲವೂ ಅವರು ಕಟ್ಟಿದ್ದೇ ಇರುತ್ತದೆ. ಕೆಲವು ಕಂಪನಿಗಳು ಎತ್ತರದ ಮಹಿಳೆಯರಿಗೆಂದು ಒಂದು ಅಂಗುಲ ಉದ್ದದ ಸೆಟ್ ಮಾಡುತ್ತವೆ, ಸಿಕ್ಕರೆ ಅದು ಒಳ್ಳೆಯದೇ. ನಮ್ಮ ಅಂಗಡಿಗಳ ಕಪಾಟಿನಲ್ಲಿ ಅದು ಕಾಣುವುದು ಅಪರೂಪ, ಹೇಳಿ ತರಿಸಬೇಕು. ಈಗಲೇ ಪೂರ್ತಿ ಅಳತೆ ಕೊಟ್ಟು ಹೊಸದು ಮಾಡಿಸಿದರೆ ಉದ್ದ, ಹಿಡಿ ಸರಿಯಾಗಿ ಬರುತ್ತವೆ, ಶಾಫ್ಟ್ ಮತ್ತು ಕೋನ ಮಾತ್ರ ವರ್ಷದೊಳಗೆ ನಿಮ್ಮನ್ನು ಬಿಟ್ಟು ಹಿಂದೆ ಉಳಿಯುವ ಸಂಭವ ಹೆಚ್ಚು, ಮತ್ತು ಅಷ್ಟು ದುಡ್ಡು ಕೊಟ್ಟ ಮೇಲೆ ಬದಲಾಯಿಸಲು ಮನಸ್ಸೂ ಬರುವುದಿಲ್ಲ. ನಾನು ನಿಮಗೆ ಸೂಚಿಸುವುದು ಮೂರನೆಯ ದಾರಿಯನ್ನು: ಹಿಂಬದಿ ಟೊಳ್ಳಾಗಿರುವ, ಅಂದರೆ ಕ್ಯಾವಿಟಿ ಬ್ಯಾಕ್ ಎನ್ನುವ ಬಗೆಯ, ಗಂಡಸರ ಉದ್ದದ, ಸೀನಿಯರ್ ಗ್ರಾಫೈಟ್ ಶಾಫ್ಟಿನ ಐರನ್‌ಗಳನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಹೊಸ ಗ್ರಿಪ್ ಹಾಕಿಸಿಕೊಳ್ಳುವುದು. ಅಂಥ ಸೆಟ್ಟುಗಳು ಹಿರಿಯ ಆಟಗಾರರ ಮನೆಯಿಂದ ಆಗಾಗ ಹೊರಬರುತ್ತವೆ. ನೀವು ಆಡುವ ಮೈದಾನದ ಪ್ರೋ ಶಾಪಿನಲ್ಲಿ (ಗಾಲ್ಫ್ ಸಾಮಾನಿನ ಅಂಗಡಿಯಲ್ಲಿ), ಚೀಲ ಹೊರುವ ಕ್ಯಾಡಿಗಳಲ್ಲಿ ಹೇಳಿಟ್ಟರೆ ಬೇಗ ಸುದ್ದಿ ಸಿಗುತ್ತದೆ.

ಈ ದಾರಿಯ ಅಪಾಯ ಎರಡು. ಒಂದು, ಹಿಂದಿನ ಮಾಲೀಕರು ಕತ್ತರಿಸಿದ ಅಥವಾ ಉದ್ದ ಮಾಡಿಸಿದ ಕ್ಲಬ್. ಐರನ್‌ಗಳನ್ನು ಸಾಲಾಗಿ ಗೋಡೆಗೆ ಒರಗಿಸಿ ನಿಲ್ಲಿಸಿ ಹಿಡಿಯ ತುದಿಗಳನ್ನು ನೋಡಿ: ಒಂದರಿಂದ ಒಂದಕ್ಕೆ ಅರ್ಧ ಅಂಗುಲದ ಮೆಟ್ಟಿಲು ಸಮನಾಗಿ ಇಳಿಯಬೇಕು, ನಡುವೆ ಒಂದು ಮೆಟ್ಟಿಲು ತಪ್ಪಿದ್ದರೆ ಆ ಕ್ಲಬ್ಬಿಗೆ ಏನೋ ಆಗಿದೆ. ತಲೆಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ಗಲಗಲ ಎಂದರೆ ಅಂಟು ಕಿತ್ತಿದೆ. ಗ್ರಾಫೈಟ್ ಶಾಫ್ಟಿನ ಉದ್ದಕ್ಕೂ ಉಗುರು ಓಡಿಸಿ, ಅಡ್ಡ ಗೀರು ಆಳವಾಗಿ ಸಿಕ್ಕಿದರೆ ಬಿಟ್ಟುಬಿಡಿ, ಅದು ಬೀಸುವಾಗಲೇ ಮುರಿಯಬಹುದು. ಎರಡನೆಯ ಅಪಾಯ ನಕಲಿ ಮಾಲು. ಹೆಸರಾಂತ ಕಂಪನಿಯ ಹೊಚ್ಚ ಹೊಸ ಡ್ರೈವರ್ ಅರ್ಧಕ್ಕಿಂತ ಕಡಿಮೆ ಬೆಲೆಗೆ ಬಂದರೆ ಅನುಮಾನಿಸಿ. ಒಳ್ಳೆಯ ಡ್ರೈವರ್‌ಗಳ ಮುಖ ಬಹುತೇಕ ಟೈಟಾನಿಯಂನದು, ಅದಕ್ಕೆ ಆಯಸ್ಕಾಂತ ಹಿಡಿಯುವುದಿಲ್ಲ. ಟೈಟಾನಿಯಂ ಎಂದು ಬರೆದ ಮುಖಕ್ಕೆ ಆಯಸ್ಕಾಂತ ಅಂಟಿಕೊಂಡರೆ ಮುಂದೆ ಮಾತಾಡಬೇಕಾಗಿಲ್ಲ. ಐರನ್‌ಗಳಲ್ಲಿ ಈ ಪರೀಕ್ಷೆ ನಡೆಯದು. ಅಲ್ಲಿ ಅಕ್ಷರಗಳಿಗೆ ತುಂಬಿದ ಬಣ್ಣ ಅಂಚು ಮೀರಿದೆಯೇ, ಶಾಫ್ಟ್ ತಲೆಗೆ ಸೇರುವಲ್ಲಿರುವ ಕಪ್ಪು ಪ್ಲಾಸ್ಟಿಕ್ ಬಳೆ ಬಿಗಿಯಾಗಿ ಕೂತಿದೆಯೇ ಎಂದು ನೋಡಿ.

ಪಟರ್ ಬಗ್ಗೆ ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಒಂದು ಸುತ್ತಿನಲ್ಲಿ ಅತಿ ಹೆಚ್ಚು ಸಲ ಕೈಗೆ ಬರುವ ಕ್ಲಬ್ ಅದು. ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಾಗ, ಟೀಯಿಂದ ತಮಗಿಂತ ಬಹಳ ದೂರ ಹೊಡೆಯುವ ಆಟಗಾರ್ತಿಯರ ನಡುವೆ ಅವರು ಕೊನೆಯ ಹೋಲಿನ ತನಕ ಪದಕದ ಸ್ಪರ್ಧೆಯಲ್ಲಿ ಉಳಿದದ್ದು ಹೆಚ್ಚಾಗಿ ಗ್ರೀನಿನ (ಕುಳಿಯಿರುವ ನುಣುಪು ಹುಲ್ಲಿನ ಜಾಗದ) ಸುತ್ತಮುತ್ತಲಿನ ಆಟದಿಂದ, ಪಟಿಂಗ್‌ನಿಂದ. ಮಾವನ ಪಟರ್ 35 ಅಂಗುಲದ್ದಾಗಿರಬಹುದು. ತೋಳು ಸಡಿಲ ಬಿಟ್ಟು ನಿಂತಾಗ ಕೈಗಳು ಹಿಡಿಯ ನಡುವಿಗೆ ಬಂದು, ಎಡಗಣ್ಣಿನ ಬಳಿಯಿಂದ ಬಿಟ್ಟ ಚೆಂಡು ನೆಲದ ಚೆಂಡಿನ ಮೇಲೋ ನಿಮ್ಮ ಪಾದದ ಕಡೆಗೆ ಒಂದೆರಡು ಅಂಗುಲ ಒಳಗೋ ಬಿದ್ದರೆ ಉದ್ದ ಸರಿ. ಹೊರಗೆ ಬಿದ್ದರೆ ಸರಿಪಡಿಸಬೇಕು. ಸರಿಯಿದ್ದರೆ ಹೊಸ ಪಟರ್‌ಗೆ ದುಡ್ಡು ಹಾಕಬೇಡಿ.

ಸ್ವಿಂಗ್‌ಗೆ ಸಂಬಂಧಿಸಿದ ಫಿಟ್ಟಿಂಗ್ ಯಾವಾಗ ಎಂದರೆ, ಹತ್ತು ಹೊಡೆತದಲ್ಲಿ ಆರೇಳು ಮುಖದ ಒಂದೇ ಜಾಗಕ್ಕೆ ತಗುಲಲು ಶುರುವಾದಾಗ. ಮುಖದ ಮೇಲೆ ತೆಳ್ಳಗೆ ಪೌಡರ್ ಹಚ್ಚಿ ಹೊಡೆದರೆ ಚೆಂಡಿನ ಗುರುತು ಎಲ್ಲಿ ಬಿತ್ತೆಂಬುದು ನಿಮಗೇ ಕಾಣುತ್ತದೆ. ಅದಕ್ಕೆ ಮುಂಚೆ ಹೊಡೆತ ಅಳೆಯುವ ಯಂತ್ರದ ಮುಂದೆ ನಿಂತರೆ ಅದು ಕೊಡುವ ಅಂಕಿಗಳು ಒಂದೊಂದು ಹೊಡೆತಕ್ಕೂ ಒಂದೊಂದಾಗಿರುತ್ತವೆ, ಅವುಗಳ ಸರಾಸರಿ ಯಾರ ಸ್ವಿಂಗಿನದೂ ಆಗಿರುವುದಿಲ್ಲ. ಆಗ ಮೊದಲು ನೋಡಿಸಬೇಕಾದದ್ದು ಲೈ ಕೋನ, ಅಂದರೆ ಚೆಂಡಿಗೆ ತಗುಲುವ ಕ್ಷಣದಲ್ಲಿ ಕ್ಲಬ್ಬಿನ ಅಡಿ ನೆಲಕ್ಕೆ ಮಟ್ಟಸವಾಗಿ ಕೂರುತ್ತದೆಯೇ ಎಂಬುದು. ಮನೆಯಲ್ಲೇ ಅಂದಾಜು ಮಾಡಬಹುದು: ಚೆಂಡಿನ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಆ ಗೆರೆ ಕ್ಲಬ್ಬಿನ ಕಡೆಗೆ ನೆಟ್ಟಗೆ ನಿಲ್ಲುವಂತೆ ಇಟ್ಟು 7 ಐರನ್‌ನಲ್ಲಿ ಹೊಡೆಯಿರಿ. ಮುಖದ ಮೇಲೆ ಮೂಡಿದ ಗೆರೆ ನೆಟ್ಟಗಿದ್ದರೆ ಕೋನ ಸರಿ. ಗೆರೆಯ ಮೇಲ್ತುದಿ, ಶಾಫ್ಟಿನಿಂದ ದೂರವಿರುವ ಕ್ಲಬ್ಬಿನ ತಲೆಯ ಹೊರತುದಿಯ ಕಡೆಗೆ ವಾಲಿದ್ದರೆ ಕ್ಲಬ್ ನಿಮಗೆ ತೀರ ನೆಟ್ಟಗಿದೆ, ಚೆಂಡು ಎಡಕ್ಕೆ ಹೋಗುವ ಒಲವಿರುತ್ತದೆ. ಶಾಫ್ಟಿನ ಕಡೆಗೆ ವಾಲಿದ್ದರೆ ತೀರ ಚಪ್ಪಟೆ, ಚೆಂಡು ಬಲಕ್ಕೆ. ಒಂದು ಹೊಡೆತ ನೋಡಿ ತೀರ್ಮಾನಿಸದೆ ನಡುವಿಗೆ ತಗುಲಿದ ಐದಾರು ಹೊಡೆತಗಳನ್ನು ನೋಡಿ.

ಕೋನ ತಪ್ಪಿದ್ದರೆ ಹೊಸ ಕ್ಲಬ್ ಬೇಕಾಗಿಲ್ಲ, ಶಾಫ್ಟ್ ಸೇರುವ ಕತ್ತಿನ ಬಳಿ ತಲೆಯನ್ನು ಯಂತ್ರಕ್ಕೆ ಸಿಕ್ಕಿಸಿ ಬಗ್ಗಿಸುತ್ತಾರೆ. ಆದರೆ ಎಲ್ಲ ಲೋಹವೂ ಬಗ್ಗುವುದಿಲ್ಲ. ಮಾವನ ಬ್ಲೇಡ್‌ಗಳು ಕಾಯಿಸಿ ಬಡಿದು ಮಾಡಿದ ಮೆದು ಉಕ್ಕಿನವಾಗಿದ್ದರೆ ಸಲೀಸಾಗಿ ಬಗ್ಗುತ್ತವೆ. ಅಚ್ಚಿನಲ್ಲಿ ಎರಕ ಹೊಯ್ದ ಗಡಸು ಸ್ಟೇನ್‌ಲೆಸ್ ತಲೆಗಳು ಎರಡು ಡಿಗ್ರಿಗಿಂತ ಹೆಚ್ಚು ತಾಳುವುದು ಕಷ್ಟ, ಬಲವಂತ ಮಾಡಿದರೆ ಕತ್ತು ಬಿರಿಯುತ್ತದೆ. ನೀವು ಕೊಳ್ಳಲಿರುವ ಕ್ಯಾವಿಟಿ ಬ್ಯಾಕ್ ಐರನ್‌ಗಳು ಹೆಚ್ಚಾಗಿ ಎರಕದವೇ. ಆದ್ದರಿಂದ ದುಡ್ಡು ಕೊಡುವ ಮೊದಲು ಒಂದು 7 ಐರನ್ನನ್ನು ಅರ್ಧ ದಿನಕ್ಕೆ ಕೇಳಿ ಪಡೆದು, ಮೇಲೆ ಹೇಳಿದ ಗೆರೆಯ ಪರೀಕ್ಷೆ ಮಾಡಿ. ಗೆರೆ ಸ್ವಲ್ಪ ವಾಲಿದ್ದರೆ ಕೊಳ್ಳಬಹುದು, ಎದ್ದು ಕಾಣುವಷ್ಟು ವಾಲಿದ್ದರೆ ಬೆಲೆ ಎಷ್ಟೇ ಅಗ್ಗವಾಗಿದ್ದರೂ ಬೇರೆ ಸೆಟ್ ಹುಡುಕಿ.